ಬಾನೆಟ್ ಎತ್ತಿ ನೋಡಿದಾಗ: ಯುದ್ಧಾನಂತರದ ಅಮೆರಿಕದಲ್ಲಿ 'ಹೊಸ ಮಾಡೆಲ್' ಎಂಬುದರ ಚರಿತ್ರೆ

ನಾನು ಸೊಲ್ಲಾಪುರದವನು. ಗಡಿ ಕನ್ನಡಿಗನೊಬ್ಬ ಅಮೆರಿಕದ ಕಾರುಗಳ ಬಗ್ಗೆ ಯಾಕೆ ಮಾತಾಡ್ತಾನೆ ಅಂತ ನಿಮಗೆ ಅನ್ನಿಸಬಹುದು. ಸಣ್ಣದೊಂದು ಕೊಂಡಿ ಇದೆ. ನಮ್ಮ ಊರಲ್ಲಿ ಹುಟ್ಟಿದ ವಾಲ್‌ಚಂದ್ ಹೀರಾಚಂದ್ ಅವರು ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್, 1940ರ ದಶಕದ ಕೊನೆಯಲ್ಲಿ ಮುಂಬೈಯಲ್ಲಿ ಜೋಡಿಸಿದ್ದು ಕ್ರೈಸ್ಲರ್ ಕಂಪನಿಯ ಗಾಡಿಗಳನ್ನು. ಮುಂದೆ ಅದೇ ಪ್ರೀಮಿಯರ್ ಒಂದೇ ಫಿಯೆಟ್ ಕಾರನ್ನು ದಶಕಗಟ್ಟಲೆ ಹೆಚ್ಚು ಬದಲಿಸದೆ ತಯಾರಿಸಿತು. ಅಮೆರಿಕದಲ್ಲೋ, ವರ್ಷಕ್ಕೊಂದು ಹೊಸ ಮಾಡೆಲ್! ಅಲ್ಲಿ ನಿಜವಾಗಿ ಬದಲಾದದ್ದು ಏನು, ಅದರ ಖರ್ಚು ಹೊತ್ತವರು ಯಾರು? ಇದು ನನ್ನ ಪ್ರಶ್ನೆ.

ನಮ್ಮ ಕಾಕಾನ ಗ್ಯಾರೇಜಿನಲ್ಲಿ ಒಂದು ಮಾತಿತ್ತು: "ಬಣ್ಣ ನೋಡಬ್ಯಾಡ, ಬಾನೆಟ್ ಎತ್ತು." ಅದನ್ನೇ ನನ್ನ ಸಂಶೋಧನಾ ವಿಧಾನ ಅಂತ ಇಟ್ಟುಕೊಳ್ಳಿ.

1942ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ನಾಗರಿಕರ ಕಾರುಗಳ ತಯಾರಿಕೆ ನಿಂತಿತು. ಕಾರ್ಖಾನೆಗಳು ಯುದ್ಧಸಾಮಗ್ರಿಯತ್ತ ತಿರುಗಿದವು. 1945ರಲ್ಲಿ ಕೆಲಸ ಮತ್ತೆ ಶುರುವಾದಾಗ ಹೊರಬಂದ '1946ರ ಮಾಡೆಲ್'ಗಳು ಬಹುಪಾಲು 1942ರ ಕಾರುಗಳೇ; ಮುಂದಿನ ಗ್ರಿಲ್ ಮಾತ್ರ ಬೇರೆ. ಆದರೂ ಜನ ಸಾಲುಗಟ್ಟಿ ಕೊಂಡರು, ಯಾಕೆಂದರೆ ಮೂರು ವರ್ಷ ಕಾರೇ ಸಿಕ್ಕಿರಲಿಲ್ಲ. ಫೋರ್ಡ್ ಕಂಪನಿಯ ಪೂರ್ತಿ ಹೊಸ ವಿನ್ಯಾಸ ಬಂದದ್ದು 1949ರ ಮಾಡೆಲ್‌ನಲ್ಲಿ. ಉಬ್ಬಿದ ಮಡ್‌ಗಾರ್ಡ್‌ಗಳು ಅದರಲ್ಲಿ ಮೈಯೊಳಗೇ ಸೇರಿಹೋದವು.

ಇಲ್ಲಿಂದ ಎರಡು ಬದಲಾವಣೆಗಳು ಜೊತೆಜೊತೆಗೆ ಸಾಗಿದವು. ಮೊದಲನೆಯದು ಒಳಗಿನದು. 1949ರಲ್ಲಿ ಕ್ಯಾಡಿಲಾಕ್ ಮತ್ತು ಓಲ್ಡ್ಸ್‌ಮೊಬೈಲ್‌ಗೆ ಹೊಸ ಬಗೆಯ ವಿ-8 ಎಂಜಿನ್ ಬಂತು; 1955ರಲ್ಲಿ ಅಗ್ಗದ ಷೆವರ್ಲೆಗೂ ಆಧುನಿಕ ವಿ-8 ಸಿಕ್ಕಿತು. ಆಟೊಮ್ಯಾಟಿಕ್ ಗೇರ್ ಸಾಮಾನ್ಯವಾಗುತ್ತ ಹೋಯಿತು. ಆದ್ದರಿಂದ ಎಲ್ಲವೂ ಬರೀ ಬಣ್ಣ ಅನ್ನೋದು ತಪ್ಪಾಗುತ್ತದೆ.

ಎರಡನೆಯದು ಹೊರಗಿನದು, ಕಣ್ಣಿಗೆ ಕಂಡದ್ದೂ ಇದೇ. ಜನರಲ್ ಮೋಟಾರ್ಸ್‌ನ ವಿನ್ಯಾಸ ವಿಭಾಗದ ಮುಖ್ಯಸ್ಥ ಹಾರ್ಲಿ ಅರ್ಲ್. ಅವರ ಕಾಲದಲ್ಲಿ 1948ರ ಕ್ಯಾಡಿಲಾಕ್‌ನ ಹಿಂಬದಿಗೆ ಸಣ್ಣ ರೆಕ್ಕೆಗಳು ಮೂಡಿದವು. ಅದಕ್ಕೆ ಪ್ರೇರಣೆ ಪಿ-38 ಯುದ್ಧವಿಮಾನ. ಹನ್ನೊಂದು ವರ್ಷದಲ್ಲಿ ಆ ರೆಕ್ಕೆ ಎಷ್ಟು ಬೆಳೆಯಿತೆಂದರೆ 1959ರ ಕ್ಯಾಡಿಲಾಕ್ ಸುಮಾರು 19 ಅಡಿ ಉದ್ದದ, ನೆಲದ ಮೇಲಿನ ರಾಕೆಟ್ಟಿನಂತೆ ಕಾಣುತ್ತಿತ್ತು. ರೆಕ್ಕೆಯಿಂದ ಕಾರು ಹಾರಲಿಲ್ಲ, ಮಾರಾಟ ಹಾರಿತು. ಹೋದ ವರ್ಷದ ಕಾರು ಓಡುತ್ತಿದ್ದರೂ ಬೀದಿಯಲ್ಲಿ 'ಹಳೆಯದು' ಅಂತ ಕಾಣಬೇಕು. ವ್ಯಾಪಾರದ ಗುಟ್ಟು ಇಷ್ಟೇ ನೋಡ್ರಿ.

ಇದರ ಬೆಲೆ ಎಷ್ಟು? ಫಿಷರ್, ಗ್ರಿಲಿಕೆಸ್, ಕೇಸನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 1962ರಲ್ಲಿ ಲೆಕ್ಕ ಹಾಕಿದರು. 1949ರ ಗಾತ್ರ, ಶಕ್ತಿಯ ಕಾರುಗಳನ್ನೇ ಮುಂದುವರಿಸಿದ್ದರೆ 1956ರಿಂದ 1960ರವರೆಗೆ ವರ್ಷಕ್ಕೆ ಸುಮಾರು 500 ಕೋಟಿ ಡಾಲರ್ ಉಳಿಯುತ್ತಿತ್ತು ಅನ್ನೋದು ಅವರ ತೀರ್ಮಾನ. ಹೆಚ್ಚುವರಿ ಪೆಟ್ರೋಲಿನ ಖರ್ಚೂ ಅದರಲ್ಲಿ ಸೇರಿದೆ. ಕಾರು ಕೊಂಡವನ ಜೇಬಿನಿಂದ ಹೋದ ಹಣವದು. ಆದರೆ ಆ ಮೂವರು ಇದನ್ನು ಪೋಲು ಅನ್ನಲಿಲ್ಲ. ಜನ ಬೇಕಂತಲೇ ಕೊಂಡಿರಬಹುದಲ್ಲ. ಈ ಎಚ್ಚರ ನಮಗೂ ಇರಬೇಕು.

ಹಣಕ್ಕಿಂತ ದೊಡ್ಡ ಪ್ರಶ್ನೆ ಜೀವದ್ದು. 1960ರಲ್ಲಿ ಬಂದ ಷೆವರ್ಲೆ ಕಾರ್ವೇರ್‌ಗೆ ಎಂಜಿನ್ ಹಿಂದೆ ಇತ್ತು. ತಿರುವಿನಲ್ಲಿ ಅದು ಹಿಡಿತ ತಪ್ಪುತ್ತದೆಂದು ರಾಲ್ಫ್ ನೇಡರ್ 1965ರ ತಮ್ಮ ಪುಸ್ತಕದಲ್ಲಿ ಆರೋಪಿಸಿದರು. 1972ರ ಸರ್ಕಾರಿ ವರದಿ, ಆ ಕಾಲದ ಇತರ ಕಾರುಗಳಿಗಿಂತ ಅದು ಕೆಟ್ಟದ್ದಲ್ಲ ಎಂದಿತು. ಆದರೆ ಅಷ್ಟರಲ್ಲಿ 1966ರ ವಾಹನ ಸುರಕ್ಷತಾ ಕಾನೂನು ಬಂದಾಗಿತ್ತು. 1968ರಿಂದ ಹೊಸ ಕಾರುಗಳಲ್ಲಿ ಸೀಟ್ ಬೆಲ್ಟ್ ಕಡ್ಡಾಯ. ರೆಕ್ಕೆಗೆ ಯಾವ ಕಾನೂನೂ ಬೇಕಾಗಿರಲಿಲ್ಲ, ಬೆಲ್ಟಿಗೆ ಬೇಕಾಯಿತು!

1964ರ ಏಪ್ರಿಲ್‌ನಲ್ಲಿ ಬಂದ ಮಸ್ಟಾಂಗ್ ನನ್ನ ಕೊನೆಯ ಉದಾಹರಣೆ. ಮೊದಲ 12 ತಿಂಗಳಲ್ಲಿ 4 ಲಕ್ಷಕ್ಕೂ ಹೆಚ್ಚು ಮಾರಾಟ. ಕೆಳಗೆ ನೋಡಿದರೆ ಬಹುಮಟ್ಟಿಗೆ 1960ರ ಸಾದಾ ಫಾಲ್ಕನ್. ಈ ಆಟಕ್ಕೆ ಕಡಿವಾಣ ಬಿದ್ದದ್ದು 1973ರ ತೈಲ ಬಿಕ್ಕಟ್ಟು ಮತ್ತು 1975ರ ಇಂಧನ ಕಾನೂನಿನಿಂದ. 1977ರಲ್ಲಿ ಜನರಲ್ ಮೋಟಾರ್ಸ್ ತನ್ನ ದೊಡ್ಡ ಕಾರುಗಳನ್ನೇ ಗಿಡ್ಡ, ಹಗುರ ಮಾಡಿತು.

ಹಾಗಾದರೆ ನಮ್ಮ ಬದಲಾಗದ ಫಿಯೆಟ್ಟೇ ಮೇಲೇ? ಹಾಗೂ ಹೇಳಲಾರೆ. ಅದಕ್ಕಾಗಿ ನಮ್ಮವರು ವರ್ಷಗಟ್ಟಲೆ ಪಾಳಿ ಕಾದಿದ್ದಾರೆ. ಅಲ್ಲಿ ಬೇಡದ ಬದಲಾವಣೆ ಬಹಳ, ಇಲ್ಲಿ ಬೇಕಾದದ್ದೂ ಇಲ್ಲ. ಎರಡೂ ಕಡೆ ಬೆಲೆ ತೆತ್ತವನು ಕೊಳ್ಳುವವನೇ. ಚರಿತ್ರೆಯ ವಿದ್ಯಾರ್ಥಿಗೆ ಮಾಡೆಲ್‌ನ ಇಸವಿ ಒಂದು ಜಾಹೀರಾತು. ಆಧಾರ ಬೇಕಾದರೆ ಬಾನೆಟ್ ಎತ್ತಬೇಕು. ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.