ಮೆಟ್ಟಿಲ ಕೆಳಗಿನ ಹನ್ನೆರಡು ವೋಲ್ಟು

1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಸಾಗಿ ಮೊದಲು ಮುಟ್ಟಿದ್ದು ಕೋಲಾರದ ಚಿನ್ನದ ಗಣಿಗಳನ್ನು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಸಾಮಾನ್ಯರ ಮನೆಯ ಸರದಿ ಬಹಳ ತಡವಾಗಿ ಬಂತು, ಬಂದ ಮೇಲೂ ಕರೆಂಟು ಮಳೆಯ ಮರ್ಜಿಯಲ್ಲೇ ಇತ್ತು. ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರಲ್ಲಿ ಶುರುವಾಗುವ ತನಕ ರಾಜ್ಯದ ವಿದ್ಯುತ್ತೆಂದರೆ ಬಹುಪಾಲು ಜಲವಿದ್ಯುತ್ತೇ. ಲಿಂಗನಮಕ್ಕಿ ಜಲಾಶಯದಲ್ಲಿ ನೀರು ಇಳಿದರೆ ಊರೂರಿನಲ್ಲಿ ಬುಡ್ಡಿ ಹುಡುಕಬೇಕಿತ್ತು.

ಇದ್ದ ಕರೆಂಟಾದರೂ ನೆಟ್ಟಗಿತ್ತೇ? ಗೋಡೆಯ ಪ್ಲಗ್ಗಿನಲ್ಲಿ 230 ವೋಲ್ಟ್ ಇರಬೇಕೆಂಬುದು ಕಾಗದದ ಮಾತು. ಸಂಜೆ ಹೊತ್ತು ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಎದ್ದರೆ ಬಲ್ಬು ಕೆಂಡದ ಬಣ್ಣಕ್ಕೆ ತಿರುಗುತ್ತಿತ್ತು, ಟ್ಯೂಬ್‌ಲೈಟು ಮಿಟುಕಿ ಮಿಟುಕಿ ಸೋಲುತ್ತಿತ್ತು. ಹಾಗಾಗಿ ಮನೆಗಳಿಗೆ ಇನ್ವರ್ಟರ್‌ಗಿಂತ ಮೊದಲೇ ಸ್ಟೆಬಿಲೈಸರ್ ಬಂತು. ಕೊಚ್ಚಿಯ ವಿ-ಗಾರ್ಡ್ ಕಂಪನಿ 1977ರಲ್ಲಿ ಶುರುವಾದದ್ದೇ ಈ ಪೆಟ್ಟಿಗೆಯಿಂದ.

ಸ್ಟೆಬಿಲೈಸರ್ ಇರುವ ಕರೆಂಟನ್ನು ತಿದ್ದೀತು, ಇಲ್ಲದ್ದನ್ನು ತಂದೀತೇ? ಆ ಕೆಲಸಕ್ಕೆ ಬಂದ ಇನ್ವರ್ಟರ್ ಮನೆಯೊಳಗೆ ಎರಡು ಬೇರೆ ಬೇರೆ ವಂಶಗಳ ವೋಲ್ಟೇಜಿಗೆ ನಂಟು ಕೂಡಿಸಿತು. ಗೋಡೆಯದು 230, ಬ್ಯಾಟರಿಯದು 12. ಈ 12 ಮೋಟಾರು ವಾಹನಗಳಿಂದ ಬಂದ ಅಂಕಿ. ಅಮೆರಿಕದ ಕಾರುಗಳು 1950ರ ದಶಕದಲ್ಲಿ 6 ವೋಲ್ಟ್ ಬಿಟ್ಟು 12ಕ್ಕೆ ಬಂದವು. ಕಾರು, ಟ್ರ್ಯಾಕ್ಟರ್‌ಗಳಿಗೆ ಬ್ಯಾಟರಿ ಕೊಡುತ್ತಿದ್ದ ಅಂಗಡಿಗಳೇ ಮುಂದೆ ಮನೆಗಳಿಗೂ ಕೊಟ್ಟವು.

ಆದರೆ 12 ವೋಲ್ಟಿಗೆ ಮಿತಿಯಿದೆ. 600 ವಾಟ್ ಬೇಕೆಂದರೆ ಬ್ಯಾಟರಿಯಿಂದ 50 ಆಂಪಿಯರ್ ಹರಿಯಬೇಕು. ಇನ್ವರ್ಟರಿನಲ್ಲಿ ಪೋಲಾಗುವುದು ಬೇರೆ. ಅದಕ್ಕೇ ಬ್ಯಾಟರಿಯ ತಂತಿ ಹೆಬ್ಬೆರಳಷ್ಟು ದಪ್ಪ. ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 24 ವೋಲ್ಟ್ ಮಾಡಿಕೊಂಡರೆ ಅಷ್ಟೇ ವಾಟಿಗೆ 25 ಆಂಪಿಯರ್ ಸಾಕು, ತಂತಿಯೂ ಕಡಿಮೆ ಬಿಸಿಯಾಗುತ್ತದೆ. ನಾಲ್ಕು ದೀಪ, ಎರಡು ಫ್ಯಾನಿನ ಮನೆ ಒಂದೇ ಬ್ಯಾಟರಿಗೆ ನಿಂತಿತು. ಫ್ರಿಜ್ಜೂ ಓಡಲೆಂದವರು ಎರಡಕ್ಕೆ ಹೋದರು. ಫ್ರಿಜ್ಜು ಓಡುವಾಗ ಸಾಧು, ಶುರುವಾಗುವ ಕ್ಷಣದಲ್ಲಿ ಮಾತ್ರ ಹಲವು ಪಟ್ಟು ಎಳೆಯುತ್ತದೆ. ಇನ್ವರ್ಟರ್ ‘ಎಷ್ಟು ವಿಎ (ವೋಲ್ಟ್-ಆಂಪಿಯರ್)?’ ಎಂದಷ್ಟೇ ಕೇಳಿ ಹಣ ಎಣಿಸಿದವರು ಎಡವಿದ್ದು ಇಲ್ಲೇ.

ಇನ್ನೊಂದು ತಂಟೆ ಅಲೆಯದು. ಅಗ್ಗದ ಇನ್ವರ್ಟರುಗಳು ಚೌಕಾಕಾರದ ಅಲೆ ಕೊಡುತ್ತಿದ್ದವು. ವೋಲ್ಟೇಜು ಸರಿಯಿದ್ದರೂ ಫ್ಯಾನು ಗುಂಯ್ ಎನ್ನುತ್ತಿತ್ತು, ಮೋಟಾರು ಬಿಸಿಯಾಗುತ್ತಿತ್ತು. ಮನೆಗೆ ಕಂಪ್ಯೂಟರ್ ಬಂದ ಮೇಲೆ, ಗೋಡೆಯ ಕರೆಂಟಿನಂಥ ನುಣುಪಾದ ಅಲೆಗೆ ಇರುವ ಸೈನ್ ವೇವ್ ಎಂಬ ಪದ ಅಂಗಡಿಯವನ ಬಾಯಿಂದ ಗಿರಾಕಿಯ ಬಾಯಿಗೂ ಬಂತು.

ಈಗ ಲೆಕ್ಕ ಹಗುರ. 40 ವಾಟಿನ ಟ್ಯೂಬಿನ ಜಾಗಕ್ಕೆ ಅದರರ್ಧ ವಾಟಿನ ಎಲ್‌ಇಡಿ, 75 ವಾಟಿನ ಫ್ಯಾನಿನ ಜಾಗಕ್ಕೆ 30ರ ಆಸುಪಾಸಿನ ಬಿಎಲ್‌ಡಿಸಿ ಫ್ಯಾನು ಬಂದು, 150 ಆಂಪಿಯರ್-ಅವರ್ ಬ್ಯಾಟರಿ ಮೊದಲಿಗಿಂತ ಎರಡು ಪಟ್ಟು ಹೊತ್ತು ಎಳೆಯುತ್ತದೆ. 2000 ವಾಟಿನ ಇಂಡಕ್ಷನ್ ಒಲೆಗೆ ಮಾತ್ರ 12 ವೋಲ್ಟಿನಿಂದ 160 ಆಂಪಿಯರ್‌ಗೂ ಹೆಚ್ಚು ಬೇಕು. ಅದು ಇಂದಿಗೂ ಗೋಡೆಯ ಕರೆಂಟಿಗೇ ಕಾಯುತ್ತದೆ.