ಹತ್ತರಲ್ಲೊಂದು ಪಾಲು

ಶಾಲೆಯ ಗಣಿತದಲ್ಲಿ ‘ದಶಮಾಂಶ’ ಎಂದರೆ ಒಂದು ಚುಕ್ಕಿ, ಅದರ ಬಲಕ್ಕೆ ಒಂದಿಷ್ಟು ಅಂಕಿ. ಕನ್ನಡ ಬೈಬಲ್ಲಿನಲ್ಲಿ ಅದೇ ಮಾತಿಗೆ, ಬೆಳೆದದ್ದರಲ್ಲಿ ಹತ್ತರ ಒಂದು ಪಾಲನ್ನು ದೇವರಿಗೆ ಸಲ್ಲಿಸುವುದು ಎಂಬ ಅರ್ಥ. ಇಂಗ್ಲಿಷಿನ ‘ಟೈದ್’ ಕೂಡ ಮೂಲದಲ್ಲಿ ‘ಹತ್ತನೆಯದು’ ಎಂದಷ್ಟೇ ಹೇಳುವ ಹಳೆಯ ಪದ. ಭಕ್ತಿಯ ಈ ಮಾತು ಹತ್ತೊಂಬತ್ತನೆಯ ಶತಮಾನದ ಐರ್ಲೆಂಡಿನಲ್ಲಿ ಸಂಘರ್ಷದ ಹೆಸರಾಯಿತು.

ಅಲ್ಲಿನ ರೈತರಲ್ಲಿ ಬಹುಪಾಲು ಕ್ಯಾಥೊಲಿಕರು. ಆದರೆ ದಶಮಾಂಶ ಸಲ್ಲಬೇಕಾದದ್ದು ಸರ್ಕಾರ ಸ್ಥಾಪಿಸಿದ ಪ್ರಾಟೆಸ್ಟಂಟ್ ಚರ್ಚಿಗೆ. ಆ ಚರ್ಚಿಗೆ ಸೇರಿದವರು ಸುಮಾರು ಒಂಬತ್ತು ಜನರಲ್ಲಿ ಒಬ್ಬರು. ತನ್ನ ಊರಿನ ಪಾದ್ರಿಯನ್ನೂ ಸಾಕುತ್ತಿದ್ದ ರೈತ, ತಾನು ಕಾಲಿಡದ ಚರ್ಚಿಗೂ ತೆರಬೇಕಿತ್ತು. ಹಲವೆಡೆ ಬಡವನ ಆಲೂಗಡ್ಡೆಗೂ ದಶಮಾಂಶ ಬೀಳುತ್ತಿತ್ತು. ದೊಡ್ಡ ಹಿಡುವಳಿದಾರರ ಹುಲ್ಲುಗಾವಲು ಮಾತ್ರ 1823ರವರೆಗೆ ಬಹುಮಟ್ಟಿಗೆ ತಪ್ಪಿಸಿಕೊಂಡಿತ್ತು.

1829ರ ಕಾಯ್ದೆ ಕ್ಯಾಥೊಲಿಕರಿಗೆ, ಐರ್ಲೆಂಡನ್ನೂ ಆಳುತ್ತಿದ್ದ ಬ್ರಿಟಿಷ್ ಸಂಸತ್ತಿನ ಬಾಗಿಲು ತೆರೆಯಿತು. ಅದಕ್ಕಾಗಿ ಹೋರಾಡಿದ ಐರಿಷ್ ನಾಯಕ ಡೇನಿಯಲ್ ಓಕಾನೆಲ್ ಒಳಗೆ ಹೋದ ಮೇಲೆ ಎದುರಿಸಿದ ದೊಡ್ಡ ಪ್ರಶ್ನೆಗಳಲ್ಲಿ ದಶಮಾಂಶವೂ ಒಂದು. ಹೊರಗೆ ಹಳ್ಳಿಗಳು ಕುದಿಯುತ್ತಿದ್ದವು. 1831ರಲ್ಲಿ ಜನ ದಶಮಾಂಶ ಕೊಡುವುದನ್ನೇ ನಿಲ್ಲಿಸತೊಡಗಿದರು; ಬಾಕಿಗಾಗಿ ದನಕರು ಜಪ್ತಿಯಾದವು. ಆ ಡಿಸೆಂಬರಿನಲ್ಲಿ ಕಿಲ್ಕೆನ್ನಿ ಸೀಮೆಯ ಕ್ಯಾರಿಕ್‌ಶಾಕ್‌ನಲ್ಲಿ ಪೊಲೀಸರಿಗೂ ರೈತರಿಗೂ ಹೊಡೆದಾಟವಾಗಿ ಹನ್ನೆರಡಕ್ಕೂ ಹೆಚ್ಚು ಮಂದಿ ಸತ್ತರು. 1834ರ ಡಿಸೆಂಬರಿನಲ್ಲಿ ಕಾರ್ಕ್ ಸೀಮೆಯ ರಾತ್‌ಕಾರ್ಮಾಕ್ ಬಳಿ, ವಿಧವೆಯೊಬ್ಬಳ ಬಾಕಿ ವಸೂಲಿಗೆ ಬಂದ ಸೈನಿಕರು ಗುಂಡು ಹಾರಿಸಿದರು. ಹಳ್ಳಿಗರ ಹೆಣಗಳು ಬಿದ್ದವು.

ಓಕಾನೆಲ್ ಹಿಂಸೆಯನ್ನು ಒಪ್ಪದವರು. ಸುಧಾರಣೆಯ ಭರವಸೆಯಲ್ಲಿ 1835ರಿಂದ ಬ್ರಿಟನ್ನಿನ ವಿಗ್ ಪಕ್ಷಕ್ಕೆ ಬೆಂಬಲ ಕೊಟ್ಟರು. ಕೊನೆಗೆ ಸಿಕ್ಕದ್ದು 1838ರ ಕಾಯ್ದೆ. ದಶಮಾಂಶ ಎಂಬ ಹೆಸರು ಹೋಗಿ ಗೇಣಿಗೆ ಹೊಂದಿಕೊಂಡ ತೆರಿಗೆ ಬಂತು. ಮೊತ್ತದಲ್ಲಿ ಕಾಲುಭಾಗ ಇಳಿಯಿತು. ಕಟ್ಟುವ ಹೊಣೆ ಭೂಮಾಲೀಕರ ಮೇಲೆ ಬಿತ್ತು. ಆದರೆ ಭೂಮಾಲೀಕ ತಾನು ಕಟ್ಟಿದ್ದನ್ನು ಗೇಣಿಯಲ್ಲೇ ಸೇರಿಸಿ ವಸೂಲು ಮಾಡಬಹುದಿತ್ತು.

ಆದರೂ ಆ ಕಾಯ್ದೆಯನ್ನು ಬರೀ ಸೋಲು ಎನ್ನಲಾರೆ. ವಸೂಲಿಗಾರ ರೈತನ ಹಟ್ಟಿಯ ಬಾಗಿಲಿಗೆ ಬಂದು ನಿಲ್ಲುವುದು ತಪ್ಪಿತು, ರಕ್ತಪಾತ ನಿಂತಿತು. ನ್ಯಾಯ ಮಾತ್ರ ಸಿಗಲಿಲ್ಲ. ಆ ಚರ್ಚಿನ ಸರ್ಕಾರಿ ಪಟ್ಟ ಇಳಿಯಲು ಬ್ರಿಟಿಷ್ ಪ್ರಧಾನಿ ಗ್ಲಾಡ್‌ಸ್ಟನ್ ತಂದ 1869ರ ಕಾಯ್ದೆಯೇ ಬೇಕಾಯಿತು. ಅದು ಜಾರಿಗೆ ಬಂದದ್ದು 1871ರ ಜನವರಿ 1ರಂದು. ಓಕಾನೆಲ್ 1847ರಲ್ಲೇ ತೀರಿಕೊಂಡಿದ್ದರು.

ಮನಸ್ಸು ಒಪ್ಪಿ ಕೊಟ್ಟರೆ ಕಾಣಿಕೆ, ಕಾನೂನು ಕಿತ್ತುಕೊಂಡರೆ ಕಂದಾಯ. ಒಬ್ಬರ ದೇವರಿಗೆ ಇನ್ನೊಬ್ಬರಿಂದ ವಸೂಲು ಮಾಡುವುದನ್ನು ಯಾವ ಪವಿತ್ರ ಪದವೂ ಸಮರ್ಥಿಸಲಾರದು. ಹೊರೆಯೊಂದಕ್ಕೆ ಸರ್ಕಾರ ಹೊಸ ಹೆಸರಿಟ್ಟಾಗಲೆಲ್ಲ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಕೊನೆಗೆ ತೆರುವವರು ಯಾರು?