ಕಿಡ್ನಿ ಪಥ್ಯದಲ್ಲಿ ಐಸ್‌ಕ್ರೀಮ್: ಜಿಡ್ಡಿನಾಚೆಗಿನ ಲೆಕ್ಕ

ಭಾರತದ ಆಹಾರ ಸುರಕ್ಷತಾ ನಿಯಮದಂತೆ ಸಾಮಾನ್ಯ ಐಸ್‌ಕ್ರೀಮಿನಲ್ಲಿ ಹಾಲಿನ ಕೊಬ್ಬು ಶೇ. 10ಕ್ಕಿಂತ ಕಡಿಮೆ ಇರಕೂಡದು. ಆ ಕೊಬ್ಬಿನ ಜಾಗಕ್ಕೆ ಸಸ್ಯಜನ್ಯ ಎಣ್ಣೆ ಬಂದರೆ ಅದು ‘ಫ್ರೋಜನ್ ಡೆಸರ್ಟ್’. ಎರಡರ ನಡುವಿನ ವ್ಯತ್ಯಾಸ ಹೃದ್ರೋಗಿಗೆ ಮುಖ್ಯವಾದೀತು; ಕಿಡ್ನಿ ಸೋತವರಿಗೆ ಅದರಿಂದ ಹೆಚ್ಚೇನೂ ದಕ್ಕದು. ಅವರನ್ನು ಕಾಡುವ ರಂಜಕ ಮತ್ತು ಪೊಟ್ಯಾಸಿಯಂ ಇರುವುದು ಹಾಲಿನ ಜಿಡ್ಡಿನಲ್ಲಲ್ಲ, ಜಿಡ್ಡು ತೆಗೆದ ಮೇಲೂ ಉಳಿಯುವ ಘನಾಂಶದಲ್ಲಿ. ‘ಲೋ ಫ್ಯಾಟ್’ ಡಬ್ಬಿಗಳಲ್ಲಿ ಕೆನೆಯ ಕೊರತೆ ನೀಗಲು ಕೆನೆರಹಿತ ಹಾಲಿನ ಪುಡಿ ಸುರಿದಿದ್ದರೆ ರಂಜಕ ಏರುವುದೂ ಉಂಟು.

ಅಮೆರಿಕದ ಕೃಷಿ ಇಲಾಖೆಯ ಪೋಷಕಾಂಶ ಪಟ್ಟಿಯ ಪ್ರಕಾರ 100 ಗ್ರಾಂ ವೆನಿಲಾ ಐಸ್‌ಕ್ರೀಮಿನಲ್ಲಿ ರಂಜಕ ಸುಮಾರು 105 ಮಿಲಿಗ್ರಾಂ, ಪೊಟ್ಯಾಸಿಯಂ 200ರ ಹತ್ತಿರ. ಚಾಕೊಲೇಟ್ ಬೆರೆತರೆ ಪೊಟ್ಯಾಸಿಯಂ 250ಕ್ಕೆ ಏರುತ್ತದೆ. ಹಣ್ಣಿನ ರಸಕ್ಕೆ ತುಸುವೇ ಹಾಲು ಸೇರಿಸಿ ಹೆಪ್ಪುಗಟ್ಟಿಸುವ ಕಿತ್ತಳೆ ಶರ್ಬೆಟ್‌ನಲ್ಲಿ ಇವು ಕ್ರಮವಾಗಿ 40 ಮತ್ತು 96. ಗೆಲುವು ಶರ್ಬೆಟ್‌ನದೇ, ಆದರೆ ಅದರ ಸಕ್ಕರೆ ವೆನಿಲಾಕ್ಕಿಂತ ಒಂದು ಕೈ ಹೆಚ್ಚು. ಕಿಡ್ನಿ ಕೆಡಲು ಸಕ್ಕರೆ ಕಾಯಿಲೆಯೇ ಕಾರಣವಾಗಿದ್ದರೆ ಈ ಗೆಲುವಿಗೂ ಮಿತಿಯುಂಟು.

ಕುಲ್ಫಿಯ ಕಥೆ ಬೇರೆ. ಒಂದು ಲೀಟರ್ ಹಾಲನ್ನು ಅರ್ಧಕ್ಕೆ ಇಂಗಿಸಿದಾಗ ಹೋಗುವುದು ನೀರು ಮಾತ್ರ. ಖನಿಜಗಳೆಲ್ಲ ಪಾತ್ರೆಯಲ್ಲೇ ಉಳಿದು ಅವುಗಳ ಸಾಂದ್ರತೆ ಇಮ್ಮಡಿಯಾಗುತ್ತದೆ. ಮೇಲೆ ಉದುರಿಸುವ ಪಿಸ್ತಾದಲ್ಲಿ 100 ಗ್ರಾಮಿಗೆ 1,000 ಮಿಲಿಗ್ರಾಮಿನಷ್ಟು ಪೊಟ್ಯಾಸಿಯಂ. ಉಡುಪಿ-ಮಂಗಳೂರಿನ ಗಡ್‌ಬಡ್ ಲೋಟದಲ್ಲಿ ಐಸ್‌ಕ್ರೀಮ್, ಹಣ್ಣು, ಗೋಡಂಬಿ ಎಲ್ಲವೂ ಒಂದರ ಮೇಲೊಂದು ಕೂತಿರುತ್ತವೆ. ಕಿಡ್ನಿಯ ಮಟ್ಟಿಗೆ ಅದರಲ್ಲಿ ಸಾಧು ಪದರವೆಂದರೆ ಬಹುಶಃ ಜೆಲ್ಲಿ ಒಂದೇ!

ಲೇಬಲ್ ಇಲ್ಲಿ ಅರ್ಧ ಮಾತ್ರ ನೆರವಾಗುತ್ತದೆ. ನಮ್ಮಲ್ಲಿ ಸೋಡಿಯಂ ನಮೂದು ಕಡ್ಡಾಯ, ರಂಜಕದ್ದು ಅಲ್ಲ. ಹಾಗಾಗಿ ಪದಾರ್ಥಗಳ ಸಾಲಿನಲ್ಲಿ 339, 340, 341, 450, 451, 452 ಎಂಬ ಸಂಖ್ಯೆಗಳನ್ನು ಹುಡುಕಬೇಕು, ಇವೆಲ್ಲ ಫಾಸ್ಫೇಟುಗಳು. ಹಾಲಿನ ಸಹಜ ರಂಜಕದಲ್ಲಿ ದೇಹ ಹೀರುವುದು ಸುಮಾರು ಶೇ. 40ರಿಂದ 60. ಬೆರೆಸಿದ ಫಾಸ್ಫೇಟಾದರೆ ಶೇ. 90ರವರೆಗೂ ರಕ್ತ ಸೇರಬಲ್ಲದು. ಬಾದಾಮಿ ಹಾಲಿನ ‘ವೀಗನ್’ ಐಸ್‌ಕ್ರೀಮಿಗೂ ಈ ಪರೀಕ್ಷೆ ತಪ್ಪಿದ್ದಲ್ಲ.

ಮನೆಯಲ್ಲೇ ಹಣ್ಣಿನ ಕ್ಯಾಂಡಿ ಮಾಡುವವರು ಕಮರಾಕ್ಷಿಯನ್ನು, ಅಂದರೆ ಕರಾವಳಿಯ ಧಾರೆಹುಳಿಯನ್ನು, ಪೂರ್ತಿ ದೂರವಿಡಬೇಕು. ಅದರಲ್ಲಿರುವ ಕ್ಯಾರಂಬಾಕ್ಸಿನ್ ಎಂಬ ನರವಿಷವನ್ನು ಬ್ರೆಜಿಲ್‌ನ ಸಂಶೋಧಕರು 2013ರಲ್ಲಿ ಗುರುತಿಸಿದರು. ಕಿಡ್ನಿ ಅದನ್ನು ಹೊರಹಾಕದಿದ್ದರೆ ನಿಲ್ಲದ ಬಿಕ್ಕಳಿಕೆ, ಗೊಂದಲ, ಸೆಳವು, ಕೆಲವೊಮ್ಮೆ ಸಾವು. ಎಳನೀರಿನ ಕ್ಯಾಂಡಿಯೂ ಪೊಟ್ಯಾಸಿಯಂ ಏರಿದವರಿಗೆ ಸಲ್ಲದು.

ಡಯಾಲಿಸಿಸ್‌ನಲ್ಲಿ ನೀರಿಗೆ ಮಿತಿಯಿರುವವರ ಪಾಲಿಗೆ 60 ಮಿಲಿಲೀಟರ್ ರಸದ ಕ್ಯಾಂಡಿ ಎಂದರೆ ದಿನದ ಲೆಕ್ಕದಲ್ಲಿ ಅಷ್ಟೇ ದ್ರವ. ರಂಜಕ ತಡೆಯುವ ಮಾತ್ರೆಗೂ ಹೊತ್ತಿನ ಹಂಗಿದೆ: ಸೆವೆಲಮರ್ ಆಗಲಿ, ಕ್ಯಾಲ್ಸಿಯಂ ಅಸಿಟೇಟ್ ಆಗಲಿ, ಹಿಡಿದಿಡುವುದು ಆಗ ಹೊಟ್ಟೆಗೆ ಬಿದ್ದ ಆಹಾರದ ರಂಜಕವನ್ನು. ಸಂಜೆ ನಾಲ್ಕಕ್ಕೆ ತಿಂದ ವೆನಿಲಾಕ್ಕೆ ರಾತ್ರಿಯೂಟದ ಮಾತ್ರೆ ಕೆಲಸಕ್ಕೆ ಬಾರದು. ಊಟದ ಕೊನೆಗೇ ಅರ್ಧ ಕಪ್ ತಿಂದರೆ ಅದೇ ಮಾತ್ರೆ ಐಸ್‌ಕ್ರೀಮಿಗೂ ಒದಗುತ್ತದೆ.